ಡಿಶ್ಶಿಗೆ ಸಿಗದ ಮಾಯಸಂದ್ರ

ತೆಂಗಿನ ಸೀಮೆಯಲ್ಲಿ ಆಕಾಶವನ್ನು ಹುಡುಕುವುದು ಎಷ್ಟು ಕಷ್ಟವೆಂದು ನನಗೆ ಗೊತ್ತಾದದ್ದು ದೊಡ್ಡಮ್ಮನ ಮನೆಗೆ ಡಿಶ್ ಬಂದ ದಿನ.

ತಿಪಟೂರಿನಿಂದ ಬಂದಿದ್ದ ಮೆಕ್ಯಾನಿಕ್ ಕೈಯಲ್ಲಿ ದಿಕ್ಸೂಚಿ ಹಿಡಿದು, "ಅಗ್ನಿಮೂಲೆ ಖಾಲಿ ಇರಬೇಕು ಕಣ್ರೀ, ಒಂದ್ ಗರಿನೂ ಅಡ್ಡ ಬರಬಾರ್ದು" ಎನ್ನುತ್ತ ಮನೆಯ ಸುತ್ತ ತಿರುಗಿದ. ತಾರಸಿ ಹತ್ತಿದ, ಗರಿ. ಹಿತ್ತಿಲಿಗೆ ಹೋದ, ಗರಿ. ಕೊನೆಗೆ ಕೊಟ್ಟಿಗೆಯ ಪಕ್ಕ, ತಿಪ್ಪೆಗುಂಡಿಯ ನೆತ್ತಿಯ ಮೇಲೆ, ಮೊರದಗಲದ ಆಕಾಶವೊಂದು ಸಿಕ್ಕಿತು. ಅಲ್ಲೇ ಕಬ್ಬಿಣದ ಕಂಬ ನೆಟ್ಟು ತಟ್ಟೆ ಕೂರಿಸಿದ.

"ಅಗ್ನಿಮೂಲೇಲಿ ಒಲೆ ಹೂಡ್ತಾರೆ. ತಟ್ಟೆ ಮಡಗೋದ ಇವತ್ತೇ ಕಂಡಿದ್ದು ಬುಡಪ್ಪ" ಎಂದರು ದೊಡ್ಡಮ್ಮ.

ದೊಡ್ಡಮ್ಮ ನನ್ನ ತಾಯಿಯ ಅಕ್ಕ. ಮಾಯಸಂದ್ರದಿಂದ ಮೂರು ಮೈಲಿ ಒಳಗಿರುವ ಊರಿನಲ್ಲಿ ಇನ್ನೂರು ತೆಂಗಿನ ಮರಗಳನ್ನು ಒಬ್ಬರೇ ನಿಭಾಯಿಸುವ ಹೆಂಗಸು. ನಾನು ವಿಶ್ವವಿದ್ಯಾಲಯದ ಓದು ಮುಗಿಸಿ, ತಿಪಟೂರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತ, ಭಾನುವಾರಗಳಂದು ಅವರ ಮುದ್ದೆ ಸಾರಿಗೆ ತಪ್ಪದೆ ಹಾಜರಾಗುವವಳು. ಡಿಶ್ ಹಾಕಿಸಿದವಳು ನಾನೇ. (ಈ ವಾಕ್ಯ ನೆನಪಿರಲಿ, ಮುಂದೆ ಬೇಕಾಗುತ್ತದೆ.)

ಮೆಕ್ಯಾನಿಕ್ ತಟ್ಟೆಯನ್ನು ಕೂದಲೆಳೆಯಷ್ಟು ಸರಿಸಿದ. ಟಿವಿಯಲ್ಲಿ ಚಿತ್ರ ಮೂಡಿತು. ಒಂದು ಚುಕ್ಕೆಯಿಲ್ಲ, ಒಂದು ಗೆರೆಯಿಲ್ಲ! ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದಲ್ಲಿ, ಭೂಮಿಗೆ ಹತ್ತಿರ ಹತ್ತಿರ ಒಂದು ಸುತ್ತು ಬರುವಷ್ಟು ದೂರದಲ್ಲಿ, ಒಂದು ಪೆಟ್ಟಿಗೆ ನಿಂತಿದೆ. ಭೂಮಿಯ ಜೊತೆಜೊತೆಗೇ ತಿರುಗುವುದರಿಂದ ನಮ್ಮ ಪಾಲಿಗೆ ಅದು ಅಲುಗುವುದೇ ಇಲ್ಲ. ಅಲ್ಲಿಂದ ಹೊರಟ ಚಿತ್ರ ಕಣ್ಣು ಮಿಟುಕಿಸುವುದರೊಳಗೆ ಇನ್ನೂರು ಮರಗಳ ಗರಿಗಳ ನಡುವೆ ದಾರಿ ಮಾಡಿಕೊಂಡು ನಮ್ಮ ತಿಪ್ಪೆಗುಂಡಿಗೆ ಬಂದು ಇಳಿಯುತ್ತದೆ. ಇದನ್ನು ಯೋಚಿಸಿ ಕಟ್ಟಿದ ಮನುಷ್ಯರಿಗೆ ಕೈ ಮುಗಿಯಬೇಕೆನಿಸಿತು. ದೊಡ್ಡಮ್ಮ ನಿಜವಾಗಿಯೂ ಮುಗಿದರು.

"ಎಲ್ಲಾ ಬತ್ತದೇನಪ್ಪ?" ಎಂದು ಕೇಳಿದರು.

"ಎಲ್ಲಾ ಬತ್ತದೆ ಕಣಮ್ಮ" ಎಂದ ಮೆಕ್ಯಾನಿಕ್. "ಹೌದು ದೊಡ್ಡಮ್ಮ, ಎಲ್ಲಾ ಬರುತ್ತೆ" ಎಂದೆ ನಾನೂ.

ಅದಕ್ಕೆ ಮೊದಲು ನಮಗಿದ್ದದ್ದು ನಾಗರಾಜುವಿನ ಕೇಬಲ್. ಮಾಯಸಂದ್ರದಲ್ಲಿ ಅವನದೊಂದು ಕೋಣೆ. ಅಲ್ಲಿಂದ ಕಪ್ಪು ವೈರು ತೆಂಗಿನ ಮರದಿಂದ ಮರಕ್ಕೆ ಸುತ್ತಿಕೊಂಡು ಊರಿಗೆ ಬರುತ್ತಿತ್ತು. ಒಣಸೋಗೆ ಬಿದ್ದಾಗಲೆಲ್ಲ ಹರಿಯುತ್ತಿತ್ತು. ತೆಂಗಿನ ತೋಟದಲ್ಲಿ ಸೋಗೆ ಬೀಳದ ದಿನ ಯಾವುದಿದೆ?

ನಾಗರಾಜುವಿನದೇ ಒಂದು ಚಾನೆಲ್ಲೂ ಇತ್ತು. ಮೇಲೆ ಯಾವುದೋ ಹಳೆಯ ಸಿನಿಮಾ. ಕೆಳಗೆ ಓಡುವ ಅಕ್ಷರಗಳು. ಇಂಥವರ ಹಸು ತಪ್ಪಿಸಿಕೊಂಡಿದೆ, ಕೊಂಬಿಗೆ ಹಸಿರು ಬಣ್ಣ. ನಾಳೆ ಹತ್ತರಿಂದ ನಾಲ್ಕರವರೆಗೆ ಕರೆಂಟ್ ಇರುವುದಿಲ್ಲ. ಇಂಥವರ ತಾಯಿ ತೀರಿಕೊಂಡಿದ್ದಾರೆ, ಮಣ್ಣು ಸಂಜೆ ನಾಲ್ಕಕ್ಕೆ. "ಇದೂ ಒಂದು ಚಾನೆಲ್ಲಾ?" ಎಂದು ನಾನು ನಗುತ್ತಿದ್ದೆ. ಡಿಶ್ ಬಂದ ವಾರವೇ ಆ ವೈರನ್ನು ಬಿಚ್ಚಿಸಿದೆ.

ಮಾಘ ಮುಗಿಯುವ ಹೊತ್ತಿಗೆ ತೋಟಕ್ಕೆ ಕಪ್ಪುತಲೆ ಹುಳು ಬಿತ್ತು. ಗರಿಯ ಅಡಿಯಲ್ಲಿ ಕೂತು ಹಸಿರನ್ನು ಕೆರೆದು ತಿನ್ನುವ ಹುಳು ಇದು. ದೂರದಿಂದ ನೋಡಿದರೆ ಮರಕ್ಕೆ ಬೆಂಕಿಯ ಝಳ ಬಡಿದಂತೆ ಕಾಣುತ್ತದೆ. ಐವತ್ತು ಅಡಿ ಎತ್ತರದ ಮರಗಳಿಗೆಲ್ಲ ಔಷಧಿ ಹೊಡೆಯುವವರು ಯಾರು? ಇದಕ್ಕೆ ಇನ್ನೊಂದು ಹುಳುವೇ ಮದ್ದು. ಸರ್ಕಾರಿ ಕಚೇರಿಯಲ್ಲಿ ಅದನ್ನು ಬೆಳೆಸಿ, ಗಾಜಿನ ನಳಿಗೆಯಲ್ಲಿ ಜೀವಂತವಾಗಿ ಹಂಚುತ್ತಾರೆ. ನಮ್ಮ ಕಡೆಯವರು ಅದನ್ನು 'ಒಳ್ಳೆ ಹುಳ' ಎನ್ನುತ್ತಾರೆ. ತಂದ ದಿನವೇ ತೋಟಕ್ಕೆ ಬಿಡಬೇಕು. ಅಕ್ಕಪಕ್ಕದವರೆಲ್ಲ ಒಟ್ಟಿಗೆ ಬಿಡಬೇಕು. ಒಂದು ತೋಟ ತಪ್ಪಿದರೆ ಕೆಟ್ಟ ಹುಳು ಅಲ್ಲೇ ಸಂಸಾರ ಬೆಳೆಸಿ, ಉಳಿದವರ ಮರಗಳಿಗೆ ಮರಳಿ ಬರುತ್ತದೆ.

ಹುಳು ಹಂಚುವ ದಿನ ಯಾವುದೆಂದು ಪ್ರಕಟವಾಗುತ್ತಿದ್ದದ್ದು ಎಲ್ಲಿ? ನಾಗರಾಜುವಿನ ಚಾನೆಲ್ಲಿನಲ್ಲಿ.

ಹುಳು ಬಿದ್ದ ಮೇಲಿನ ಒಂದು ಭಾನುವಾರ ನಾನು ಊರಿಗೆ ಹೋದಾಗ ಪಕ್ಕದ ತೋಟದ ಕೆಂಪಣ್ಣ ಬೇಲಿಯ ಬಳಿ ನಿಂತು ಕೂಗಾಡುತ್ತಿದ್ದ.

"ಏನಕ್ಕಾ, ಊರೋರೆಲ್ಲ ಗುರುವಾರ ಹುಳ ಬಿಟ್ರೆ ನೀನೊಬ್ಳು ಸುಮ್ಕೆ ಕುಂತಿದೀಯಲ್ಲ?"

ದೊಡ್ಡಮ್ಮ ಬೇಲಿಯ ಬಳಿಗೆ ಓಡಿದರು. "ಆಗ್ಲೇ ಕೊಟ್ಬುಟ್ರಾ?"

"ಟಿವಿಲಿ ಮೂರು ದಿನ ಬಂತಲ್ಲ!"

"ನಂಗೊಂದು ಮಾತು ಹೇಳಬಾರ್ದಿತ್ತಾ ಕೆಂಪಣ್ಣ?"

"ನಿಮ್ಮನೆ ತಟ್ಟೇಲಿ ಅಮೆರಿಕದ್ದೂ ಬತ್ತದೆ ಅಂತ ನೀನೇ ಊರೆಲ್ಲ ಹೇಳ್ಕೊಂಡು ಬಂದೆ. ಮಾಯಸಂದ್ರದ್ದು ಬರಾಕಿಲ್ಲ ಅಂತ ನಂಗೇನು ಗೊತ್ತು? ಇನ್ನ ನಿನ್ನ ತೋಟದ ಹುಳ ನನ್ನ ಮರಕ್ಕೇ ಬತ್ತವೆ. ನಾನ್ ಬಿಟ್ಟಿದ್ದು ಹೊಳೇಲಿ ಹುಣಸೇಹಣ್ಣು ಕಿವುಚಿದಂಗಾಯ್ತು!"

ಅವನು ಹೋದ ಮೇಲೆ ದೊಡ್ಡಮ್ಮ ಹೇಳಿದ್ದನ್ನು ನಾನು ಮರೆಯಲಾರೆ. ಅವರು ಸುಮ್ಮನೆ ಕೂತಿರಲಿಲ್ಲ. ನಾಗರಾಜುವಿನ ಅಕ್ಷರಗಳು ಓಡುತ್ತಿದ್ದ ಸಂಜೆ ಆರೂವರೆಗೆ ಸರಿಯಾಗಿ ಪ್ರತಿದಿನ ಟಿವಿಯ ಮುಂದೆ ಕೂತಿದ್ದರು. ವಾರ್ತೆಯ ಚಾನೆಲ್ಲೊಂದರ ಕೆಳಗೂ ಕನ್ನಡದ ಅಕ್ಷರಗಳು ಓಡುತ್ತಿದ್ದವಲ್ಲ, ಅವನ್ನೇ ಒಂದೊಂದಾಗಿ ಕೂಡಿಸಿಕೊಂಡು ಓದಿದ್ದರು.

"ದಿಲ್ಲಿದಾಯ್ತು, ಬೊಂಬಾಯಿದಾಯ್ತು, ಬೆಂಗ್ಳೂರುದೂ ಬಂತು. ಇನ್ನೇನು ನಮ್ದೂ ಬತ್ತದೆ ಅಂತ ಕಾದೆ ಕಣವ್ವ. ಎಲ್ಲಾ ಬತ್ತದೆ ಅಂದಿದ್ರಲ್ಲ ನೀವು."

ನೀವು. ಮೆಕ್ಯಾನಿಕ್ ಮತ್ತು ನಾನು. ತಪ್ಪಿತಸ್ಥರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು. ಆದರೆ ಪಟ್ಟಿ ಅಲ್ಲಿಗೇ ಮುಗಿಯುವುದಿಲ್ಲ.

ಮರುದಿನ ಡಿಶ್ ಕಂಪನಿಗೆ ಫೋನ್ ಮಾಡಿದೆ. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ (ಹಾಕಿ ಎಂದು ನಾನೇನೂ ಬೇಡಿರಲಿಲ್ಲ) ಒಬ್ಬ ಹುಡುಗಿ ಮಾತನಾಡಿದಳು.

"ಯಾವ ಚಾನೆಲ್ ಬರ್ತಿಲ್ಲ ಮೇಡಂ?"

"ಮಾಯಸಂದ್ರದ ಲೋಕಲ್ ಚಾನೆಲ್."

"ಮಾಯಸಂದ್ರ ಯಾವ ಸ್ಟೇಟಲ್ಲಿದೆ ಮೇಡಂ?"

ಹುಡುಗಿಯನ್ನು ಬೈದು ಫಲವೇನು? ಅದು ಯಾವ ಪ್ಯಾಕೇಜಿನಲ್ಲೂ ಇಲ್ಲವೆಂದು ಆಕೆ ನಯವಾಗಿಯೇ ಹೇಳಿದಳು. ಏಕಿಲ್ಲ ಎಂಬುದು ಆಕೆಗೂ ಗೊತ್ತಿರಲಿಲ್ಲ. ಅದನ್ನು ತಿಳಿಯಲು ನಾನು, ಅವಮಾನ ನುಂಗಿಕೊಂಡು, ನಾಗರಾಜುವಿನ ಕೋಣೆಗೇ ಹೋದೆ. ಒಂದು ಹಳೆಯ ಕಂಪ್ಯೂಟರ್, ಗೋಡೆಯ ತುಂಬ ವೈರು. ಅವನು ನಗಲಿಲ್ಲ. (ನಕ್ಕಿದ್ದರೆ ಒಳ್ಳೆಯದಿತ್ತು.)

"ನನ್ನ ಚಾನೆಲ್ ವೈರಲ್ಲಿ ಓಡೋದು ಅಕ್ಕ. ವೈರು ಎಲ್ಲಿಗಂಟ ಐತೋ ಅಲ್ಲಿಗಂಟ. ಡಿಶ್ಶಿಗೆ ಬರಬೇಕು ಅಂದ್ರೆ ನಾನದನ್ನ ಮೊದಲು ಮ್ಯಾಲಕ್ಕೆ ಕಳಿಸ್ಬೇಕು. ಅದಕ್ಕೆ ದಿಲ್ಲಿ ಲೈಸೆನ್ಸು, ಈ ಕೋಣೆಗಿಂತ ದೊಡ್ಡ ತಟ್ಟೆ. ಅಷ್ಟು ಮಾಡಿದ್ರೂ ಅಲ್ಲಿ ಜಾಗ ಎಲ್ಲೈತೆ? ತುರುವೇಕೆರೆ ಬಸ್ಸಿನಂಗೆ, ಇಷ್ಟೇ ಸೀಟು. ಮ್ಯಾಲಿಂದ ಬಿಟ್ಟಿದ್ದು ಇಡೀ ದೇಶದ ಮ್ಯಾಲೆ ಬೀಳ್ತದೆ. ನಮ್ಮೂರ ಹಸ ತಪ್ಪಿಸ್ಕೊಂಡಿದ್ದ ಕಾಶ್ಮೀರದೋರು ನೋಡಿ ಏನ್ ಮಾಡ್ತಾರೆ, ಹುಡುಕ್ಕೊಡ್ತಾರಾ?"

ವಿಷಯ ಇಷ್ಟೇ. ಸರ್ಕಾರದ ಕೆಲವು ಚಾನೆಲ್‌ಗಳನ್ನು ಡಿಶ್ ಕಂಪನಿ ಕೊಡಲೇಬೇಕೆಂಬ ನಿಯಮವಿದೆ. ಉಳಿದವು ಅವರವರ ಒಪ್ಪಂದದಂತೆ. ಇಡೀ ದೇಶವನ್ನು ಆವರಿಸುವ ಜಾಗದಲ್ಲಿ ಒಂದು ಹೋಬಳಿಯ ಸುದ್ದಿಯನ್ನು ಕೂರಿಸಲು ಯಾವ ವ್ಯಾಪಾರಿಯೂ ಒಪ್ಪುವುದಿಲ್ಲ. ಇದರಲ್ಲಿ ಮೋಸವಿಲ್ಲ. ಆದರೆ ಮಾರುವ ದಿನ ಇದನ್ನು ಹೇಳದಿರುವುದರಲ್ಲಿ ಇದೆ. 'ನಿಮ್ಮ ಊರಿನ ಸುದ್ದಿ ಇದರಲ್ಲಿ ಬರುವುದಿಲ್ಲ' ಎಂದು ಡಬ್ಬಿಯ ಮೇಲೆ ಒಂದು ಸಾಲು ಅಚ್ಚು ಹಾಕಿಸಲು ಏನು ಕಷ್ಟ?

ದೊಡ್ಡಮ್ಮನಿಗೆ ಇದನ್ನೆಲ್ಲ ವಿವರಿಸಿದೆ. ಅವರು ಕಾಯಿ ಸುಲಿಯುತ್ತಲೇ ಕೇಳಿಸಿಕೊಂಡರು.

"ಮಳೆ ಬಂದಂಗೆ ಅನ್ನು. ಸೀಮೆಗೆಲ್ಲ ಸುರೀತದೆ. ಇಂಥ ಮರದ ಪಾತಿಗೆ ಬಾ ಅಂದ್ರೆ ಬತ್ತದಾ? ಪಾತಿಗೆ ನೀರು ನಾವೇ ಕಟ್ಟಬೇಕು ಕಣವ್ವ."

ನನ್ನ ವಿಶ್ವವಿದ್ಯಾಲಯದ ಓದಿಗೆ ಇಷ್ಟು ಸಲೀಸಾಗಿ ಹೇಳಲು ಬಂದಿರಲಿಲ್ಲ. ಹಾಗಾದರೆ ಪಾತಿಗೆ ನೀರು ಕಟ್ಟಬೇಕಾದವರು ಯಾರು? ಹುಳು ಹಂಚುವ ಕಚೇರಿಗೇ ಹೋದೆ. (ಯಾವ ಊರಿನದೆಂದು ಬರೆಯುವುದಿಲ್ಲ. ಎಲ್ಲ ಊರಿನಲ್ಲೂ ಒಂದಿರುತ್ತದೆ.)

"ಟಿವಿಲಿ ಹಾಕಿಸಿದ್ವಲ್ಲ ಮೇಡಂ" ಎಂದರು ಅಲ್ಲಿನ ಸಹಾಯಕರು.

"ಕೇಬಲ್ ಇಲ್ಲದವರ ಗತಿ?"

"ಪಂಚಾಯ್ತಿ ಬೋರ್ಡಿಗೂ ಅಂಟಿಸಿದೀವಿ."

ಆ ಬೋರ್ಡನ್ನು ನಾನು ಬಲ್ಲೆ. ಅದಿರುವುದು ಬೀಗ ಹಾಕಿದ ಕೋಣೆಯ ಒಳಗೋಡೆಯ ಮೇಲೆ.

"ಮುಂಚೆ ತಮಟೆ ಹೊಡೆಸಿ ಸಾರಿಸುತ್ತಿದ್ದಿರಲ್ಲ?"

"ಅಯ್ಯೋ, ಆ ಕಾಲ ಹೋಯ್ತು ಬುಡಿ. ಈಗ ಎಲ್ರ ಮನೇಲೂ ಟಿವಿ ಐತೆ."

ಜಗಳಕ್ಕೆಂದು ಹೋದವಳನ್ನು ಅವರು ಒಳಗೆ ಕರೆದುಕೊಂಡು ಹೋಗಿ ನಳಿಗೆಯೊಂದನ್ನು ತೋರಿಸಿದರು. ಸಣ್ಣ ಕಪ್ಪಿರುವೆಗೆ ರೆಕ್ಕೆ ಮೂಡಿದಂಥ ಜೀವಗಳು, ಜೇನು ಸವರಿದ ಕಾಗದದ ಚೂರನ್ನು ನೆಕ್ಕುತ್ತಿದ್ದವು. ಹಿಕ್ಕೆಯಿಂದಲೇ ಗೂಡು ಕಟ್ಟಿಕೊಂಡು ಗರಿಯ ಅಡಿ ಅಡಗಿದ ಕಪ್ಪುತಲೆ ಹುಳುವನ್ನು ಇದು ವಾಸನೆಯಿಂದ ಪತ್ತೆ ಹಚ್ಚುತ್ತದಂತೆ. ಚುಚ್ಚಿ ಮಲಗಿಸಿ, ಅದರ ಮೈಮೇಲೆಯೇ ಮೊಟ್ಟೆಯಿಟ್ಟು, ಮರಿಗಳು ಬೆಳೆಯುವ ತನಕ ಕಾವಲು ಕೂರುತ್ತದಂತೆ. ಇಷ್ಟು ಸೂಕ್ಷ್ಮವಾದದ್ದನ್ನು ಸಾಕಿ ಬೆಳೆಸಬಲ್ಲ ಕಚೇರಿಗೆ ತನ್ನದೇ ಸೀಮೆಯ ಹೆಂಗಸಿಗೆ ಒಂದು ದಿನಾಂಕ ತಿಳಿಸಲು ಬರುವುದಿಲ್ಲವೇ?

ಮುಂದಿನ ಹಂಚಿಕೆ ಮೂರು ವಾರದ ನಂತರ ಎಂದರು. ಜೀವಂತ ಹುಳು ತಾನೇ, ಮೊದಲೇ ಕೊಡಿ ಎಂದರೆ ಎಲ್ಲಿಂದ ಕೊಟ್ಟಾರು?

ಮೂರು ವಾರ ದೊಡ್ಡಮ್ಮ ಬೆಳಿಗ್ಗೆ ಎದ್ದವರೇ ಮೊದಲು ನೋಡುತ್ತಿದ್ದದ್ದು ಗರಿಗಳನ್ನು. ಕಂದು ಬಣ್ಣ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ದಾಟಿತು. ಬೇಲಿಯಾಚೆ ಕೆಂಪಣ್ಣನ ಎರಡು ಮರಗಳಿಗೂ ಮರಳಿತು. ಅವನು ಮಾತು ಬಿಟ್ಟ.

ಆದರೆ ದಿನ ಗೊತ್ತಾದ ಸಂಜೆ ಬೇಲಿಗೆ ಬಂದವನು ಅವನೇ. "ಅಕ್ಕಾ! ನಾಳೆ ಕೊಡ್ತಾರಂತೆ ಕಣಕ್ಕಾ! ಆಮ್ಯಾಕೆ ತಟ್ಟೆ ಹೇಳ್ಲಿಲ್ಲ ಅನ್ಬೇಡ!"

ಆಮೇಲೆ ನಾಗರಾಜುವಿನ ವೈರನ್ನು ಮತ್ತೆ ಎಳೆಸಿದ್ದೇನೆ. ಈಗ ಮನೆಗೆ ಎರಡೂ ಬರುತ್ತವೆ.

ಕೆಂಪಣ್ಣ ಕೂಗಿ ಹೇಳಿದ ಮರುದಿನ ನಾನು ಕಾಲೇಜಿಗೆ ರಜೆ ಹಾಕಿ ದೊಡ್ಡಮ್ಮನ ಜೊತೆ ಕಚೇರಿಗೆ ಹೋದೆ. ಇಳಿಹೊತ್ತಿಗೆ ಅವರು ನಳಿಗೆಯ ಬಾಯಿಯ ಅರಳೆ ತೆಗೆದು ಮರದ ಬೊಡ್ಡೆಗೆ ಒರಗಿಸಿ ಹಿಡಿದರು. ಒಂದೊಂದೇ ಜೀವ ಹೊರಬಂದು, ಕ್ಷಣ ತಡೆದು, ಮೇಲಕ್ಕೆ ಏರಿತು. ಐವತ್ತು ಅಡಿ ಎತ್ತರದಲ್ಲಿ ಯಾವ ಗರಿಯ ಅಡಿ ಯಾರಿದ್ದಾರೆಂದು ಅವುಗಳಿಗೆ ಯಾರೂ ಹೇಳಿರಲಿಲ್ಲ. ನಾವಿಬ್ಬರೂ ಕತ್ತೆತ್ತಿ ನೋಡಿದೆವು. ದೊಡ್ಡಮ್ಮ ಎರಡನೆಯ ಸಲ ಕೈ ಮುಗಿದರು.

ತೋಟ ಉಳಿಯಿತು. ಮೂಡಲ ಸಾಲಿನ ಎಂಟು ಮರಗಳಲ್ಲಿ ಮಾತ್ರ ಈ ವರ್ಷ ಹೊಂಬಾಳೆ ಒಡೆದಿಲ್ಲ.

ಅಂದು ನಳಿಗೆ ಪಡೆಯುವಾಗ ಸಹಿ ಹಾಕಲು ಪುಸ್ತಕ ಮುಂದಿಟ್ಟಿದ್ದರು. ಹಿಂದಿನ ಪುಟದಲ್ಲಿ, ಆ ಗುರುವಾರದ ಹಂಚಿಕೆಯ ಕೆಳಗೆ, ದುಂಡನೆಯ ಅಕ್ಷರದಲ್ಲಿ ಬರೆದಿತ್ತು: 'ಟಿವಿ ಮೂಲಕ ಎಲ್ಲ ರೈತರಿಗೂ ತಿಳಿಸಲಾಗಿದೆ.'

ಯಾರ ಟಿವಿಯಲ್ಲಿ, ಸ್ವಾಮಿ?