ಅಂಬಾರಾಯನ ರೇಡಿಯೋ

ಲೈನ್‌ಮನ್ ಅಂಬಾರಾಯನ ಜೇಬಿನಲ್ಲಿ ಸದಾ ಒಂದು ಹಳೆಯ ರೇಡಿಯೋ. ಹಾಡಿಗಲ್ಲ, ಅದರ ಮುಳ್ಳು ಯಾವ ಸ್ಟೇಷನ್ನೂ ಸಿಗದ ಜಾಗದಲ್ಲೇ ನಿಂತಿರುತ್ತದೆ. ಪುಕ್ಕಟೆ ಗಾಳಿಯನ್ನೂ ಸೆಲ್ ಸುಟ್ಟು ಕೇಳುವ ಗಿರಾಕಿ ಇವನೊಬ್ಬನೇ ಎಂದು ಡೊಂಬಿವಲಿಯ ಜೊತೆಗಾರರ ಚೇಷ್ಟೆ. ಅವನು ನಗುವುದಿಲ್ಲ, ಸಿಟ್ಟಾಗುವುದೂ ಇಲ್ಲ.

ರೇಡಿಯೋ ಜೊತೆಯ ಲೈನ್‌ಮನ್ ಲೀಲಾಧರನದು. ನಾಲ್ಕು ವರ್ಷದ ಹಿಂದೆ ಹರಿದು ಬಿದ್ದ ತಂತಿಯ ಮುಂದೆ ಇಬ್ಬರೂ ನಿಂತಿದ್ದರು.

"ತಡಿ ಮಾರಾಯ, ಗಾಡಿಯಲ್ಲಿ ರೇಡಿಯೋ ಉಂಟು. ಕರೆಂಟ್ ಇದ್ದರೆ ಕರಕರ ಅಂತದೆ," ಎಂದ ಲೀಲಾಧರ.

"ಕಿಡಿ ಇಲ್ಲ, ಹೊಗಿ ಇಲ್ಲ, ಸತ್ತದ. ಎತ್ತೋ, ಊಟಕ್ಕ ಹೊತ್ತಾತು."

ಲೀಲಾಧರ ಎತ್ತಿದ. ತಂತಿ ಸತ್ತಿರಲಿಲ್ಲ. ಅಂಬಾರಾಯ ಅವನ ಮಣ್ಣಿಗೆ ಹೋಗಿ ಬಂದ, ಸ್ನಾನ ಮಾಡಿದ, ಉಂಡ. ಅಳು ಬರಲಿಲ್ಲ. ಇನ್ನೂ ಬಂದಿಲ್ಲ.

ಈ ಮೇ ತಿಂಗಳ ಮಧ್ಯಾಹ್ನ ಮತ್ತೊಂದು ತಂತಿ ಒಣ ಡಾಂಬರಿನ ಮೇಲೆ ಬಿತ್ತು. ಹಸಿ ನೆಲವಾದರೆ ಕರೆಂಟ್ ದಂಡಿಯಾಗಿ ಹರಿದು ಸಬ್‌ಸ್ಟೇಷನ್ನಿನ ಸ್ವಿಚ್ ತಾನೇ ಬೀಳುತ್ತದೆ. ಒಣ ಡಾಂಬರಿನಲ್ಲಿ ತೊಟ್ಟಿಕ್ಕುತ್ತದೆ; ಯಾರದೋ ಮನೆಯ ಮಿಕ್ಸರ್ ಎಂದುಕೊಂಡು ಅಲ್ಲಿನ ಪ್ಯಾನಲ್ ಸುಮ್ಮನಿರುತ್ತದೆ.

ಬಟ್ಟೆ ವ್ಯಾಪಾರಿ ಶಿವಪುತ್ರಪ್ಪನ ಟೆಂಪೊ ತಂತಿಯ ಈಚೆ ನಿಂತಿತ್ತು, ಅವನ ಕೈಯಲ್ಲಿ ಬಿದಿರಿನ ಗಳ. "ಸರೀರಿ ಅಂಬಾರಾಯ, ಸತ್ತ ತಂತಿ ಅದು. ನಾನs ಸರಸ್ತೀನಿ."

ಅಂಬಾರಾಯ ದೂರದಿಂದಲೇ ರೇಡಿಯೋದ ಗುಂಡಿ ತಿರುಗಿಸಿದ. ಕರಕರ. ಅವನು ಗಳಕ್ಕೆ ಅಡ್ಡ ನಿಂತು ಸಬ್‌ಸ್ಟೇಷನ್ನಿನ ಜಯೇಶ್‌ಗೆ ಫೋನು ಹಚ್ಚಿದ. "ಈ ಲೈನಿನ ಫೀಡರ್ ಬಂದ್ ಮಾಡು."

"ಕಾಕಾ, ಇಧರ್ ಸಬ್ ಠೀಕ್ ಹೈ. ಟ್ರಿಪ್ ಆಗಿಲ್ಲ. ಆ ಲೈನ್ ಮೇಲೆ ಹನ್ನೆರಡು ಕಂಪನಿ. ಕಾರಣ ಏನು ಬರೀಲಿ?"

"ರೇಡಿಯೋ ಹೇಳ್ತು ಅಂತ ಬರಿ."

"ಮೆಮೊ ಬರ್ತದೆ ಕಾಕಾ!"

"ನನ್ನ ಹೆಸರಿಗೆ ಬರಲಿ. ಮಾಡು."

ಶಿವಪುತ್ರಪ್ಪ ಗಳ ಎತ್ತಿದ. ಅಂಬಾರಾಯ ಅದರ ತುದಿ ಹಿಡಿದುಕೊಂಡ, ಬಿಡಲಿಲ್ಲ. ಇಬ್ಬರೂ ಹಗ್ಗಜಗ್ಗಾಟದವರಂತೆ ನಿಂತಿರುವಾಗ ರೇಡಿಯೋ ತಟ್ಟನೆ ಸುಮ್ಮನಾಯಿತು. ಎದುರಿನ ಅಂಗಡಿಗಳ ಫ್ಯಾನುಗಳೂ ನಿಂತವು.

ಕರೆಂಟ್ ಮತ್ತೆ ಬಂದರೂ ಭೂಮಿಗಿಳಿಯಲೆಂದು ಸರಪಳಿ ಹಾಕಿ ಲೈನನ್ನು ನೆಲಕ್ಕೆ ಕಟ್ಟಿದ ಮೇಲೆ ಅಂಬಾರಾಯ ತಂತಿ ಎತ್ತಿದ. ಶಿವಪುತ್ರಪ್ಪನೂ ಒಂದು ಬೆರಳು ಮುಟ್ಟಿಸಿ ನೋಡಿದ.

"ನೋಡ್ರಿ, ಏನೂ ಇಲ್ಲ! ಮೊದಲs ಹೇಳಿದ್ದೆ. ಸುಮ್ನ ತಾಸುಗಟ್ಟಲೆ ನಾಟಕ."

"ಹೌದ್ರಿ," ಎಂದ ಅಂಬಾರಾಯ.

ಟೆಂಪೊ ಹೋಯಿತು. ತಂತಿ ಬಿದ್ದಿದ್ದಲ್ಲಿ ಡಾಂಬರು ಬೆರಳಗಲ ಕರಗಿ ಗಾಜಿನಂತಾಗಿತ್ತು. ಫೋನಿನಲ್ಲಿ ಜಯೇಶ್, "ಕಾಕಾ, ಊಟಕ್ಕೆ ಹೋಗಿ, ಜೋಡಿಸೋದು ಆಮೇಲೆ," ಎಂದ.

"ಊಟ ಇರಲಿ," ಎಂದು ಅಂಬಾರಾಯ ಕಂಬ ಹತ್ತಿದ.