ಕಾರಿನ ಗಾಳಿಕಿಂಡಿಗೆ ಕುಂಕುಮದ ಮೇಣ

ಎಪ್ಪತ್ತರ ದಶಕದ ಒಂದು ಬೇಸಿಗೆ. ಧಾರವಾಡದಲ್ಲಿ ಎಂ.ಎ. ಪರೀಕ್ಷೆ ಮುಗಿಸಿ ನಾನು ನಮ್ಮೂರು ಇಂಡಿಗೆ ಮರಳಿದಾಗ ಮನೆಯ ಮುಂದೆ ಒಂದು ಕಾರು ನಿಂತಿತ್ತು. ಸಿಂದಗಿಯ ಹತ್ತಿ ವ್ಯಾಪಾರಿಯೊಬ್ಬರು ಬಹಳ ವರ್ಷ ಓಡಿಸಿ ಬಿಟ್ಟ ವಿಲಾಯತಿ ಕಾರು. ಅಣ್ಣ ಕೊಂಡು ತಂದಿದ್ದ. ಅದರ ಡ್ಯಾಶ್‌ಬೋರ್ಡಿನ ಎರಡು ತುದಿಗೆ, ಹೊರಗಿನ ಗಾಳಿ ಒಳಗೆ ಬರಲೆಂದು, ಗುಂಡನೆಯ ಎರಡು ಕಿಂಡಿಗಳಿದ್ದವು. ಬೇಕಾದ ದಿಕ್ಕಿಗೆ ಹೊರಳಿಸಬಹುದು. ಒಳಗಿನ ಪುಟ್ಟ ಮುಚ್ಚಳವನ್ನು ತೆರೆಯಬಹುದು, ಮುಚ್ಚಬಹುದು. ಊರಿನ ಬೇರಾವ ಕಾರಿನಲ್ಲೂ ಅಂಥದಿಲ್ಲವೆಂದು ಅಣ್ಣ ಬಂದವರಿಗೆಲ್ಲ ಹೊರಳಿಸಿ ತೋರಿಸುತ್ತಿದ್ದ. ತೋರಿಸಿ ತೋರಿಸಿಯೇ ಅವು ಸಡಿಲಾದವೆಂದು ಅವನ ಹೆಂಡತಿ, ನನ್ನ ವೈನಿ, ನಗುತ್ತಿದ್ದರು.

ಮುದ್ದೇಬಿಹಾಳಕ್ಕೆ ಕೊಟ್ಟಿದ್ದ ಅಕ್ಕನಿಗೆ ಆ ಬೇಸಿಗೆಯಲ್ಲೇ, ನಾವು ತವರಿಗೆ ಕರೆತರುವ ಮೊದಲೇ, ದಿನ ತುಂಬುವ ಮುನ್ನ ಹೆರಿಗೆಯಾಯಿತು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಅವ್ವನಾದರೋ ಅಂಗಳದಲ್ಲಿ ಜಾರಿ ಕಾಲು ಮುರಿದುಕೊಂಡು ಮಂಚ ಹಿಡಿದಿದ್ದಳು. ಮಗಳನ್ನು ನೋಡಲು ಹೋಗುವಂತಿರಲಿಲ್ಲ, ಮೊಮ್ಮಗಳ ಮುಖವನ್ನು ಕಂಡಿರಲಿಲ್ಲ. ಹಸಿ ಬಾಣಂತಿಯನ್ನು ಬಸ್ಸಿನಲ್ಲಿ ಕರೆತರುವ ಮಾತೇ ಇಲ್ಲ. ಕಾರೈತಲ್ಲ ಎಂದ ಅಣ್ಣ.

ಹೊರಡುವ ಹಿಂದಿನ ಸಂಜೆ ಅವನು ಸಡಿಲಾದ ಕಿಂಡಿಗಳನ್ನು ಅಂಟಿಸಲು ಕುಳಿತ. ಬಾಣಂತಿಗೆ ಅಂಟಿನ ಉಂಡೆ ಕಟ್ಟಲೆಂದು ಅವ್ವ ತರಿಸಿಟ್ಟಿದ್ದ ಜಾಲಿಯ ಅಂಟನ್ನು ಅವಳಿಗೆ ಹೇಳದೆ ತೆಗೆದುಕೊಂಡು, ನೀರಿನಲ್ಲಿ ನೆನೆಸಿ, ದಪ್ಪಗೆ ಬಳಿದ.

"ಟಪಾಲಿನ ಪಾಕೀಟು ಅಂಟತಾವಂದ್ರ ಇದು ಅಂಟಂಗಿಲ್ಲೇನು?"

"ಪಾಕೀಟು ಕುಣಿಯಂಗಿಲ್ಲರಿ. ನಿಮ್ಮ ಗಾಡಿ ಕುಣೀತೈತಿ," ಎಂದರು ವೈನಿ.

ಗಾಡಿ ಕುಣಿಯಿತು. ಬಿಸಿಲಿಗೆ ಒಣಗಿದ ಅಂಟು ಗಾಜಿನಂತೆ ಬಿರುಕುಬಿಟ್ಟು, ಬಸವನ ಬಾಗೇವಾಡಿ ತಲುಪುವ ಮೊದಲೇ ಎಡಗಡೆಯ ಕಿಂಡಿ ಕಳಚಿ ವೈನಿಯ ಮಡಿಲಿಗೆ ಬಿತ್ತು. ಸ್ವಲ್ಪ ಹೊತ್ತಿಗೆ ಬಲಗಡೆಯದೂ ಬಿತ್ತು. ಮುಂದಿನ ದಾರಿಯುದ್ದಕ್ಕೂ ಆ ಎರಡು ತೂತುಗಳಿಂದ ಬಿಸಿಗಾಳಿ, ಧೂಳು. ಮುದ್ದೇಬಿಹಾಳದಲ್ಲಿ ಇಳಿದಾಗ ಅಣ್ಣ, ವೈನಿ, ನಾನು ಮೂವರ ಹುಬ್ಬಿಗೂ ಮಣ್ಣಿನ ಬಣ್ಣ ಬಂದಿತ್ತು.

ಬಾಣಂತಿಗೆ ಗಾಳಿ ಬಡಿಯಬಾರದು. ಇದು ಆ ಮನೆಯಲ್ಲೂ ನಮ್ಮ ಮನೆಯಲ್ಲೂ ಯಾರೂ ಎರಡು ಮಾತಾಡದ ವಿಷಯ. ಅಕ್ಕನ ಅತ್ತೆ ನಮ್ಮ ಮುಖಗಳನ್ನು ನೋಡಿದರು, ಆಮೇಲೆ ಕಾರಿನೊಳಗೆ ಬಗ್ಗಿ ನೋಡಿದರು.

"ಇದು ಕಾರೋ, ರಾಶಿ ತೂರೂ ಕಣಾನೋ? ನನ್ನ ಮೊಮ್ಮಗಳೇನು ಜ್ವಾಳ ಅಲ್ಲ, ತೂರಾಕ. ಇವತ್ತು ಬಿಟ್ರ ಅಮಾಸಿ, ಆಮ್ಯಾಲ ಮಳಿ. ಮೂರು ತಿಂಗಳು ತುಂಬಲಿ, ನಾವ ಕಳಸ್ತೇವಿ."

ಒಳಕೋಣೆಯಲ್ಲಿ ಅಕ್ಕ ತಲೆಗೆ ಬಟ್ಟೆ ಸುತ್ತಿ, ಕಿವಿಗೆ ಅರಳೆ ಇಟ್ಟುಕೊಂಡು, ಹೊರಡಲು ಸಿದ್ಧವಾಗಿ ಕುಳಿತಿದ್ದಳು. ಹೊರಗಿನ ಮಾತು ಅರಳೆಯನ್ನು ದಾಟಿ ಕೇಳಿಸಿತ್ತು. ನನ್ನ ಮುಂಗೈ ಹಿಡಿದು, "ಅವ್ವನ್ನ ನೋಡಬೇಕು ನಾ," ಎಂದಳು. ನಾವಿಬ್ಬರೂ ಹೆಚ್ಚು ಮಾತಿನವರಲ್ಲ. ಅದಕ್ಕೆ ಮೊದಲು ಅವಳು ಏನನ್ನಾದರೂ ಬೇಕೆಂದು ಬಾಯಿಬಿಟ್ಟು ಕೇಳಿದ್ದು ನನಗೆ ನೆನಪಿಲ್ಲ. ನಾನು ಹೊರಗೆ ಬಂದು ವೈನಿಗೆ ಆ ಮಾತನ್ನು ಹಾಗೆಯೇ ಹೇಳಿದೆ.

ಅಣ್ಣ, "ಎರಡು ಚಿಂದಿ ತುರುಕಿದ್ರ ಮುಗೀತಲ್ಲ," ಎನ್ನುತ್ತಿದ್ದ.

"ತುರುಕಬಹುದ್ರಿ. ಈ ಬಿಸಿಲಾಗ ಕಿಡಕಿ ಮುಚ್ಚಿ, ಇದನ್ನೂ ಮುಚ್ಚಿ, ಕೂಸಿಗೆ ಉಸಿರು ಎಲ್ಲಿಂದ ತರತೀರಿ? ಮುಚ್ಚಾಕೂ ಬರಬೇಕು, ತೆರಿಯಾಕೂ ಬರಬೇಕು."

ವೈನಿ ಇಂಡಿಯ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ಕಾರನ್ನು ಬಿಚ್ಚಿ ನೋಡಿದ್ದು ಅದೇ ಮೊದಲು. ಆದರೆ ಸಡಿಲಾದದ್ದನ್ನು ಬಿಗಿ ಮಾಡುವುದು ಅವರಿಗೆ ಹೊಸದಲ್ಲ. ಬೀಸುಕಲ್ಲಿನ ಗೂಟ ಸಡಿಲಾದರೆ ಹಳೆಯ ಬಟ್ಟೆಯ ಪಟ್ಟಿಯನ್ನು ಒದ್ದೆ ಮಾಡಿ ಸುತ್ತಿ ಕುಟ್ಟಿ ಕೂಡಿಸುವುದನ್ನು ನಮ್ಮ ಕಡೆಯ ಹೆಂಗಸರೆಲ್ಲ ಮಾಡುತ್ತಾರೆ. ಅದನ್ನು ಕಾರಿಗೆ ಮಾಡಬಹುದೆಂದು ಹೊಳೆದದ್ದು ಅವರೊಬ್ಬರಿಗೆ. ಹಳೆಯ ಧೋತರದ ಅಂಚು ಕೇಳಿ ಪಡೆದು, ಮೊದಲು ಉಳಿದ ಅಂಟಿನ ಚೂರನ್ನೆಲ್ಲ ಉಗುರಿನಿಂದ ಕೆರೆದು ತೆಗೆದರು. ಪಟ್ಟಿಯನ್ನು ಬಳೆಯಂಥ ಆ ಚೌಕಟ್ಟಿನ ಸುತ್ತ ಒಂದೇ ಸಮನೆ ಸುತ್ತಿ, ಹೊರಳಿಸುತ್ತ ಹೊರಳಿಸುತ್ತ ಒತ್ತಿದರು. ಎರಡೂ ಕಿಂಡಿ ಕೂತವು. ಅಲ್ಲಾಡಿಸಿದರೂ ಬರಲಿಲ್ಲ.

ಮುಚ್ಚಳದ್ದು ಬೇರೆ ತಕರಾರು. ಅದು ತಿರುಗುವ ಸಣ್ಣ ಕಡ್ಡಿ ಸವೆದು, ಮುಚ್ಚಿದರೆ ತಾನೇ ತೆರೆದುಕೊಳ್ಳುತ್ತಿತ್ತು. ವೈನಿ ಅದಕ್ಕೆ ನೂಲು ಸುತ್ತಿ ನೋಡಿದರು, ನೂಲು ಜಾರಿತು. ಆಮೇಲೆ ಕಟ್ಟೆಯ ಮೇಲಿದ್ದ ಅಕ್ಕನ ಅತ್ತೆಯ ಕಡೆ ತಿರುಗಿ, "ಅವ್ವಾರ, ನಿಮ್ಮ ಕುಂಕುಮದ ಡಬ್ಬ್ಯಾಗ ಮೇಣ ಐತೇನ್ರಿ?" ಎಂದು ಕೇಳಿದರು.

ಕುಂಕುಮ ನಿಲ್ಲಲೆಂದು ಹಣೆಗೆ ಮೊದಲು ಹಚ್ಚುವ ಜೇನುಮೇಣ.

"ಯಾಕವಾ, ಕಾರಿಗೂ ಕುಂಕುಮ ಹಚ್ಚಿ ಉಡಿ ತುಂಬಾಕಿ ಏನು?"

"ಕಾರಿಗಲ್ಲರಿ. ನಿಮ್ಮ ಮೊಮ್ಮಗಳಿಗೆ."

ಆ ಹಿರಿಯರು ಡಬ್ಬಿಯನ್ನು ತಾವೇ ತಂದು ಕೊಟ್ಟರು. ಕೊಟ್ಟು ಒಳಗೆ ಹೋಗದೆ ಕಾರಿನ ಬಾಗಿಲು ಹಿಡಿದು ನಿಂತರು. ವೈನಿ ನೂಲಿಗೆ ಮೇಣ ತಿಕ್ಕಿ ಕಡ್ಡಿಗೆ ಸುತ್ತಿದರು. ಈಗ ಮುಚ್ಚಳ ಬೆರಳಿಗೆ ಮಾತ್ರ ಬಗ್ಗಿತು, ಬಿಟ್ಟಲ್ಲಿ ನಿಂತಿತು. ಇಷ್ಟು ಹೊತ್ತೂ ಅವರ ಮುಖದಲ್ಲಿ ಅವಸರವಿರಲಿಲ್ಲ, ಗೆಲ್ಲಬೇಕೆಂಬ ಹಟವೂ ಇರಲಿಲ್ಲ. ಒಂದು ಲೆಕ್ಕವನ್ನು ಕೊನೆಯ ಸಾಲಿನವರೆಗೆ ಬಿಡಿಸುವವರ ಮುಖವಿತ್ತು. ನಾನು ನೋಡುತ್ತ ನಿಂತುಬಿಟ್ಟಿದ್ದೆ.

"ನಿಂತ ಗಾಡ್ಯಾಗ ಗಾಳಿ ಎಲ್ಲಿ ಬರತೈತಿ? ಓಡಸ್ರಿ, ನೋಡ್ತೇನಿ," ಎಂದರು ಅಕ್ಕನ ಅತ್ತೆ. ದೇವರ ಮನೆಯಿಂದ ಊದಿನಕಡ್ಡಿ ಹೊತ್ತಿಸಿ ತಂದು ಮುಂದಿನ ಸೀಟಿನಲ್ಲಿ ಕುಳಿತರು. "ಹೊಗಿ ಬಾಗಿತೋ, ಸೊಸಿ ಇಲ್ಲೇ ಇರತಾಳ."

ಅಣ್ಣ ನಾಲತವಾಡದ ರಸ್ತೆಯಲ್ಲಿ ಊರ ಹೊರಗಿನವರೆಗೆ ಓಡಿಸಿದ. ಕಿಡಕಿಗಳೆಲ್ಲ, ಕಿಂಡಿಯ ಮುಚ್ಚಳಗಳೂ ಮುಚ್ಚಿದ್ದವು. ಅವರು ಊದಿನಕಡ್ಡಿಯನ್ನು ಒಮ್ಮೆ ಎಡಕಿಂಡಿಗೆ, ಒಮ್ಮೆ ಅಣ್ಣನ ಮುಂದಿನಿಂದ ಕೈಚಾಚಿ ಬಲಕಿಂಡಿಗೆ ಹಿಡಿದರು. ಅಣ್ಣ ಕೆಮ್ಮಿದ. ಹಿಂದೆ ನಾನೂ ವೈನಿಯೂ ಮುಂದಕ್ಕೆ ಬಾಗಿ ಹೊಗೆಯನ್ನೇ ನೋಡುತ್ತಿದ್ದೆವು. ತಗ್ಗು ಬಂದಾಗ ಹೊಗೆ ನಡುಗಿತು, ಮತ್ತೆ ನೆಟ್ಟಗೆ ಮೇಲಕ್ಕೆ ಎದ್ದಿತು.

"ತಿರುಗಸಪಾ ಗಾಡಿ," ಎಂದರು. ಆಮೇಲೆ, ಹಿಂದೆ ತಿರುಗದೆ, "ಹುಡುಗಿ ಶಾಣ್ಯಾ ಅದಾಳ," ಎಂದರು.

ಮೂರು ಗಂಟೆಯ ಬಿಸಿಲಿಗೆ ಬಸವನ ಬಾಗೇವಾಡಿ ದಾಟಿದೆವು. ಹಿಂದಿನ ಸೀಟಿನಲ್ಲಿ ಅಕ್ಕನ ಮುಖ ಬೆವರಿನಿಂದ ತೊಯ್ದಿತ್ತು. "ವೈನೀ, ಒಂಚೂರು ಗಾಳಿ ಬಿಡ್ರೀ," ಎಂದಳು, ಮೆಲ್ಲಗೆ.

ವೈನಿ ಹಿಂದಕ್ಕೆ ತಿರುಗಿ ಕೂಸಿನ ಹೊದಿಕೆಯನ್ನು ನೋಡಿದರು. ಎಡಗಡೆಯ ಕಿಂಡಿಯನ್ನು ಮೇಲಕ್ಕೆ, ಕಾರಿನ ಛತ್ತಿನ ಕಡೆಗೆ ಹೊರಳಿಸಿ, ಮುಚ್ಚಳವನ್ನು ಒಂದು ಬೆರಳಷ್ಟೇ ತೆರೆದರು. ಗಾಳಿ ಯಾರಿಗೂ ನೇರ ತಾಗದೆ ಒಳಗೆ ಹರಡಿತು. ಅಕ್ಕ ಕಣ್ಣು ಮುಚ್ಚಿದಳು. ಇಂಡಿಯ ಮನೆಗಳು ಕಾಣುತ್ತಲೇ ವೈನಿ ಮುಚ್ಚಳ ಮುಚ್ಚಿದರು.

ಅವ್ವ ಮಂಚವನ್ನು ಪಡಸಾಲೆಗೆ ಹಾಕಿಸಿಕೊಂಡು ಕಾಯುತ್ತಿದ್ದಳು. "ಗಾಳಿ ಬಡೀಲಿಲ್ಲ ಹೌದಿಲ್ಲೋ?" ಎಂಬುದೇ ಮೊದಲ ಮಾತು.

"ಇಲ್ಲಬೇ," ಎಂದು ಅಕ್ಕ ಕೂಸನ್ನು ಅವಳ ಮಗ್ಗುಲಲ್ಲಿ ಇಟ್ಟಳು.

ಅವ್ವ ಕೂಸಿನ ಹಣೆಯ ಮೇಲೆ ಬೆರಳಾಡಿಸಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು. ಧೂಳಿರಲಿಲ್ಲ. ಆಗ ಅತ್ತಳು, ಅಕ್ಕನೂ ಅತ್ತಳು. ಕಣ್ಣೊರೆಸಿಕೊಂಡ ಮೇಲೆ ಅವ್ವ, "ಯಾರರೆ ಆ ಅಂಟಿನ ಡಬ್ಬಿ ತರ್ರಿ, ಉಂಡಿ ಕಟ್ಟೂದೈತಿ," ಎಂದಳು.

ಅಣ್ಣ ಕಾರು ತೊಳೆಯಲು ಹೊರಗೆ ಹೋಗಿಬಿಟ್ಟಿದ್ದ.