ಹನ್ನೆರಡು ಬಾಯಿಗೆ ಒಂದೇ ಮುದ್ದೆ

ನಮ್ಮ ಕಡೆ ಟಾರ್ಚಿಗೆ ಬ್ಯಾಟ್ರಿ ಅಂತಾರೆ, ಅದರೊಳಗೆ ಹಾಕುವುದಕ್ಕೆ ಶೆಲ್ಲು. ಚನ್ನಪಟ್ಟಣದ ನನ್ನ ಟಾರ್ಚಿನ ಅಂಗಡಿ ನಡೆಯುವುದೇ ಈ ಗೊಂದಲದ ಮೇಲೆ.

ಒಂದು ಮಧ್ಯಾಹ್ನ ಬೈರಾಪಟ್ಟಣದಿಂದ ಕುರಿ ಸಾಕುವ ಅವ್ವ ಒಬ್ಬರು ಬಂದರು. ಚಿರತೆ ಎರಡು ಮರಿ ಹೊತ್ತೊಯ್ದಿತ್ತು. ಬೆಳಗಾಗುವವರೆಗೂ ಉರಿಯುವ ದೀಪ ಬೇಕಿತ್ತು. ಹನ್ನೆರಡು ಎಲ್‌ಇಡಿಯ ಟಾರ್ಚೊಂದನ್ನು ಹೊತ್ತಿಸಿ ಎದುರಿನ ಗೋಡೆಗೆ ಬೆಳಕು ಬಿಟ್ಟೆ.

"ಎಷ್ಟು ದಿನ ಬತ್ತದೆ?"

"ಬ್ಯಾಟ್ರಿ ಹತ್ತು ವರ್ಷ ಬತ್ತದೆ ಕಣವ್ವ." ಸುಳ್ಳಲ್ಲ, ಹೊರಗಿನ ತಗಡು ಗಟ್ಟಿಯಿತ್ತು.

"ಬೆಳಕು?"

ನಾನು ಕೆಮ್ಮಿದೆ. ಅವರು ಅದನ್ನು ಹೊತ್ತಿಸಿಕೊಂಡು ಬೆಂಚಿನ ಮೇಲೆ ಕೂತೇಬಿಟ್ಟರು. ನಾನು ತರಿಸಿದ ಟೀ ಮುಗಿಯುವಷ್ಟರಲ್ಲಿ ಟಾರ್ಚು ಲೋಟಕ್ಕಿಂತ ಬಿಸಿಯಾಗಿ ಬೆಳಕು ಮಂಕಾಯಿತು. ಹಿಂದಿನ ಮುಚ್ಚಳ ಬಿಚ್ಚಿ ನೋಡಿದರು. ಒಂದೇ ಶೆಲ್ಲು.

"ಹನ್ನೆರಡು ಬಾಯಿಗೆ ಒಂದೇ ಮುದ್ದೆ ಇಕ್ಕಿದ್ದೀಯಲ್ಲಪ್ಪ."

ಮೂರೇ ಎಲ್‌ಇಡಿಗೆ ನಾಲ್ಕು ಶೆಲ್ಲು ಹಿಡಿಯುವ ದಪ್ಪನೆಯದನ್ನು ಕೊಟ್ಟೆ. ಅದನ್ನೂ ಹೊತ್ತಿಸಿಕೊಂಡು ಕೂತರು. ಸಂಜೆ ಅವರ ಬಸ್ಸಿನ ಹೊತ್ತಾದರೂ ಅದು ಮಂಕಾಗಲಿಲ್ಲ.

"ಇದು ಆಯ್ತದೆ. ಒಸಿ ಹೊಸ ಶೆಲ್ಲು ಹಾಕ್ಕೊಡು. ಇವು ಅರ್ಧ ಇಲ್ಲೇ ಖರ್ಚಾದೋ."

ಹೊಸವನ್ನು ಹಾಕಿಕೊಟ್ಟೆ. ಆ ಅರ್ಧ ಖರ್ಚಾದ ನಾಲ್ಕು ಆಮೇಲೆ ಯಾರ ಬ್ಯಾಟ್ರಿ ಸೇರಿದವು ಅಂತ ಮಾತ್ರ ಕೇಳಬೇಡಿ.